ವೈಫೈ ಫುಲ್ ಇದೆ, ಆದರೂ ಇಂಟರ್ನೆಟ್ ಬರುತ್ತಿಲ್ಲ. ಐಪಿ, ಗೇಟ್‌ವೇ, ಡಿಎನ್‌ಎಸ್ ಅಂದರೇನು?

ಕಸ್ಟಮರ್ ಕೇರ್‌ನವರು ಹೇಳಿದ ಆ ಮೂರು ಪದ ಅರ್ಥವಾಗಲಿಲ್ಲ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ಒಂದು ವಿಷಯ: ವೈಫೈ ಬೇರೆ, ಇಂಟರ್ನೆಟ್ ಬೇರೆ. ವೈಫೈ ಅಂದರೆ ಲ್ಯಾಪ್‌ಟಾಪಿನಿಂದ ರೂಟರ್‌ವರೆಗಿನ ದಾರಿ, ಅಷ್ಟೇ. ಬೀದಿಯಲ್ಲಿ ಫೈಬರ್ ತುಂಡಾಗಿದ್ದರೂ ವೈಫೈ ಫುಲ್ ಅಂತಲೇ ತೋರಿಸುತ್ತದೆ.

ಹಾಗಾಗಿ ಮೊದಲು ಫೈಬರ್ ಬಾಕ್ಸ್ ನೋಡಿ. ಎಲ್‌ಒಎಸ್ ಎಂಬ ದೀಪ ಕೆಂಪಗಿದ್ದರೆ ಕೇಬಲ್ಲಿನಲ್ಲಿ ಬೆಳಕು ಬರುತ್ತಿಲ್ಲ. ಬಾಕ್ಸಿನ ಹಿಂದೆ ಕೇಬಲ್ ತೀರಾ ಮಡಚಿಕೊಂಡಿದ್ದರೂ ಹೀಗಾಗುತ್ತದೆ. ಅದನ್ನು ಸಡಿಲ ಮಾಡಿಯೂ ಕೆಂಪು ಹೋಗದಿದ್ದರೆ ಕಂಪ್ಲೇಂಟ್ ಕೊಡಿ.

ದೀಪ ಸರಿ ಇದ್ದರೆ, ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಬರೆಯುವ ಕಪ್ಪು ವಿಂಡೋ) ತೆರೆದು, ನಡುವೆ ಜಾಗ ಬಿಡದೆ ಇಂಗ್ಲಿಷಿನಲ್ಲಿ 'ಐಪಿಕಾನ್ಫಿಗ್' (ipconfig) ಎಂದು ಬರೆದು ಎಂಟರ್ ಒತ್ತಿ. ಐಪಿವಿ4 ಅಡ್ರೆಸ್ ಎದುರು 192.168.1.5 ತರಹದ ಸಂಖ್ಯೆ ಕಾಣುತ್ತದೆ. ಮನೆಯೊಳಗೆ ನಿಮ್ಮ ಲ್ಯಾಪ್‌ಟಾಪಿನ ವಿಳಾಸ, ಅಂದರೆ ಐಪಿ, ಅದು. ಅದನ್ನು ಹಂಚುವುದು ರೂಟರ್. ಆ ಹಂಚಿಕೆಗೆ ಡಿಎಚ್‌ಸಿಪಿ ಎನ್ನುತ್ತಾರೆ. ಸಂಖ್ಯೆ 169.254 ಎಂದು ಶುರುವಾಗಿದ್ದರೆ ರೂಟರ್ ವಿಳಾಸ ಕೊಟ್ಟೇ ಇಲ್ಲ, ವಿಂಡೋಸ್ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ರೂಟರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಬಹುತೇಕ ಇಷ್ಟಕ್ಕೇ ಸರಿಹೋಗುತ್ತದೆ.

ಅದೇ ಪರದೆಯಲ್ಲಿ ಡಿಫಾಲ್ಟ್ ಗೇಟ್‌ವೇ ಎದುರು ಇರುವುದು, ಉದಾಹರಣೆಗೆ 192.168.1.1, ರೂಟರಿನ ವಿಳಾಸ. ಮನೆಯಿಂದ ಆಚೆ ಹೋಗುವುದೆಲ್ಲ ಈ ಬಾಗಿಲಿನಿಂದಲೇ ಹೋಗಬೇಕು.

ಈಗ 'ಪಿಂಗ್' (ping) ಎಂದು ಬರೆದು, ಜಾಗ ಬಿಟ್ಟು 8.8.8.8 ಹಾಕಿ. ಇದು ಗೂಗಲ್‌ನ ಡಿಎನ್‌ಎಸ್ ಸರ್ವರಿನ ವಿಳಾಸ; ಅಲ್ಲಿಂದ ಉತ್ತರ ಬರುತ್ತದೆಯೇ ಎಂದು ಪಿಂಗ್ ನೋಡುತ್ತದೆ. 'ರಿಪ್ಲೈ ಫ್ರಮ್ 8.8.8.8' ಎಂಬ ಸಾಲುಗಳು ಬಂದರೆ ಇಂಟರ್ನೆಟ್ ಇದೆ. ಆದರೂ ಯಾವ ಸೈಟೂ ತೆರೆಯದಿದ್ದರೆ ನನ್ನ ಮೊದಲ ಅನುಮಾನ ಡಿಎನ್‌ಎಸ್ ಮೇಲೆ. ಫೋನಿನಲ್ಲಿ ನಾವು ಹೆಸರು ಒತ್ತುತ್ತೇವೆ, ಕರೆ ಹೋಗುವುದು ನಂಬರಿಗೆ; ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಆ ಕೆಲಸ ಡಿಎನ್‌ಎಸ್‌ನದು. ವೈಫೈ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಅನ್ನು ಮ್ಯಾನ್ಯುಯಲ್ ಮಾಡಿ, 8.8.8.8 ಮತ್ತು 1.1.1.1 (ಇದು ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್) ತುಂಬಿ ನೋಡಿ.

ಏನೇ ಆದರೂ ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಬೇಡಿ. ಅದು ರೀಸ್ಟಾರ್ಟ್ ಅಲ್ಲ, ರೀಸೆಟ್. ಎಷ್ಟೋ ಕನೆಕ್ಷನ್‌ಗಳಲ್ಲಿ ಕಂಪನಿಯ ಯೂಸರ್‌ನೇಮ್, ಪಾಸ್‌ವರ್ಡ್ ರೂಟರಿನೊಳಗೇ ಇರುತ್ತವೆ. ಅವು ಅಳಿಸಿಹೋದರೆ ಮತ್ತೆ ತುಂಬುವವರೆಗೂ ನೆಟ್ ಬರುವುದಿಲ್ಲ.