ಬೀಗ ಬಿದ್ದ ಮಳಿಗೆಯ ಬಾಡಿಗೆ ಏಕೆ ಇಳಿಯುವುದಿಲ್ಲ?

ಮಾನ್ಯರೇ,

ಕಳೆದ ಸಂಚಿಕೆಯ ನಮ್ಮ ಮುಖಪುಟ ಲೇಖನವನ್ನು ಓದಿ ನೀವು ಬರೆದ ಆರು ಪುಟಗಳ ಪತ್ರ ಕೈಸೇರಿದೆ. ಹೆಸರನ್ನೂ ಊರನ್ನೂ ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯಂತೆ ಎರಡನ್ನೂ ಬಿಟ್ಟಿದ್ದೇನೆ. ಉಳಿದ ಓದುಗರ ಅನುಕೂಲಕ್ಕಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಇಪ್ಪತ್ತೆಂಟು ವರ್ಷ ಬೀಗ, ಚಿಲಕ, ಮೊಳೆ, ತಿರುಪುಗಳ ಅಂಗಡಿ ನಡೆಸಿದ ನೀವು ಹೋದ ವರ್ಷ ಅದನ್ನು ಮುಚ್ಚಿದಿರಿ. ಬೀದಿಯ ಒಂದು ಬದಿಯ ಮನೆಗಳನ್ನೆಲ್ಲ ಕೆಡವಿ ಬಹುಮಹಡಿ ಕಟ್ಟಡಗಳೆದ್ದವು; ಕರಾರು ಮುಗಿದಾಗ ಮಾಲೀಕರು ಕೇಳಿದ ಬಾಡಿಗೆಯನ್ನು ನಿಮ್ಮಿಂದ ಕೊಡಲಾಗಲಿಲ್ಲ; ನೀವು ಬಿಟ್ಟು ಹದಿನಾಲ್ಕು ತಿಂಗಳಾದರೂ ಆ ಮಳಿಗೆಗೆ ಯಾರೂ ಬಂದಿಲ್ಲ, ಕೇಳುವ ಬಾಡಿಗೆಯೂ ಇಳಿದಿಲ್ಲ. ಎದುರಿನ ಹೊಸ ಕಟ್ಟಡದ ನೆಲಮಹಡಿಯ ಮಳಿಗೆಗಳೂ ಖಾಲಿಯೇ. ಹೀಗಿರುವಾಗ ಚಿಲ್ಲರೆ ವ್ಯಾಪಾರದ ಸಂಕಷ್ಟಕ್ಕೆಲ್ಲ ಆನ್‌ಲೈನ್ ಖರೀದಿಯೇ ಕಾರಣವೆಂದು ಬರೆದ ನಮ್ಮ ಲೇಖನ ನಿಮಗೆ ಸಿಟ್ಟು ತರಿಸಿದೆ. "ನನ್ನ ಗಿರಾಕಿಗಳು ಮೊಬೈಲಿಗೆ ಹೋಗಲಿಲ್ಲ, ಅವರಿದ್ದ ಮನೆಗಳೇ ಹೋದವು" ಎಂದು ಬರೆದಿದ್ದೀರಿ. ಆ ಒಂದು ವಾಕ್ಯ ನಮ್ಮ ಇಡೀ ಲೇಖನಕ್ಕಿಂತ ಹೆಚ್ಚು ಹೇಳುತ್ತದೆ.

ತಪ್ಪನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತಾಗಿದೆ ನಮ್ಮ ವಿವರಣೆ. ಆನ್‌ಲೈನ್ ವ್ಯಾಪಾರ ಬಹಳ ಮುಂದುವರಿದ ಅಮೆರಿಕದಲ್ಲಿಯೂ 2024ರ ಒಟ್ಟು ಚಿಲ್ಲರೆ ವಹಿವಾಟಿನಲ್ಲಿ ಅದರ ಪಾಲು ಸುಮಾರು ಶೇ 16 ಮಾತ್ರ. ಬ್ರಿಟನ್ನಿನಲ್ಲಿ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದೆಲ್ಲ ಇಂದಿಗೂ ಅಂಗಡಿಗಳಲ್ಲೇ ನಡೆಯುತ್ತಿದೆ. ಆದರೆ ಇಷ್ಟರಿಂದ ಆನ್‌ಲೈನ್ ಪೂರ್ತಿ ನಿರಪರಾಧಿಯೆಂದೂ ತಿಳಿಯಬೇಕಾಗಿಲ್ಲ. ಗಲ್ಲಾದಲ್ಲಿ ಕೂತವರಿಗೆ ಈ ಲೆಕ್ಕ ನಾನು ಹೇಳಿಕೊಡಬೇಕಾದದ್ದೇನಲ್ಲ, ಓದುಗರಿಗಾಗಿ ಬರೆಯುತ್ತಿದ್ದೇನೆ: ಒಂದು ಅಂಗಡಿಯ ಮಾರಾಟ ನೂರು ಪಾಲು ಎಂದಿಟ್ಟುಕೊಳ್ಳಿ. ಅದರಲ್ಲಿ ಎಪ್ಪತ್ತು ಸರಕು ತಂದವರಿಗೆ ಹೋಗುತ್ತದೆ, ಬಾಡಿಗೆ, ಸಂಬಳ, ದೀಪ, ತೆರಿಗೆ ಎಲ್ಲ ಸೇರಿ ಇಪ್ಪತ್ತೈದು, ಉಳಿಯುವುದು ಐದು. ಮಾರಾಟ ನೂರರಿಂದ ಎಂಬತ್ತೈದಕ್ಕೆ ಇಳಿದರೆ ಸರಕಿನ ಖರ್ಚೇನೋ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಬಾಡಿಗೆ ಮತ್ತು ಸಂಬಳ ಇಳಿಯುವುದಿಲ್ಲ. ಆಗ ಕೈಯಲ್ಲಿ ಉಳಿಯುವುದು ಅರ್ಧ ಪಾಲು. ಆ ಹದಿನೈದನ್ನು ಕಿತ್ತುಕೊಂಡದ್ದು ಮೊಬೈಲೋ, ಊರಾಚೆಯ ಮಾಲೋ, ರಸ್ತೆಗೆ ಅಡ್ಡಲಾಗಿ ನಿಂತ ತಗಡಿನ ಬೇಲಿಯೋ, ಪರಿಣಾಮ ಒಂದೇ. ಇಂಥ ಹೊತ್ತಿನಲ್ಲಿ ಬಾಡಿಗೆ ಒಂದೆರಡು ಪಾಲು ಇಳಿದರೆ ಅಂಗಡಿ ಉಳಿಯುತ್ತದೆ, ಏರಿದರೆ ಮುಚ್ಚುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಾದ ಪ್ರಶ್ನೆ: ಕೊಳ್ಳುವವರಿಲ್ಲದ ಸರಕಿನ ಬೆಲೆ ಇಳಿಯುತ್ತದೆ, ಬೀಗ ಬಿದ್ದ ಮಳಿಗೆಯ ಬಾಡಿಗೆ ಮಾತ್ರ ಏಕೆ ಇಳಿಯುವುದಿಲ್ಲ?

ಮಾಲೀಕರ ಹಟ ಅಥವಾ ದುರಾಸೆ ಎಂದು ನೀವು ಬರೆದಿದ್ದೀರಿ. ಅದೂ ಇರಬಹುದು, ಆದರೆ ಹಟವಿಲ್ಲದ ಮಾಲೀಕರೂ ಹೀಗೆಯೇ ನಡೆದುಕೊಳ್ಳುವುದಕ್ಕೆ ಕಾರಣ ಅವರ ಲೆಕ್ಕಪುಸ್ತಕದಲ್ಲಿದೆ. ವಾಣಿಜ್ಯ ಕಟ್ಟಡದ ಬೆಲೆಯನ್ನು ಸಾಮಾನ್ಯವಾಗಿ ಅದರಿಂದ ಬರುವ ಬಾಡಿಗೆಯ ಮೇಲೆಯೇ ಕಟ್ಟುತ್ತಾರೆ. ವರ್ಷದ ಬಾಡಿಗೆ ನೂರು ಎಂದಿದ್ದು, ಹೂಡಿಕೆದಾರರು ಶೇ 5ರ ಆದಾಯ ಸಾಕೆನ್ನುತ್ತಿದ್ದರೆ, ಕಟ್ಟಡದ ಮೌಲ್ಯ ಎರಡು ಸಾವಿರ. ಅದರ ಆಧಾರದ ಮೇಲೆ ಸಾವಿರದ ಮುನ್ನೂರು ಸಾಲ ಪಡೆದಿದ್ದಾರೆ ಎನ್ನೋಣ. ಈಗ ಮಾಲೀಕರು ಕನಿಕರದಿಂದಲೋ ವಿವೇಕದಿಂದಲೋ ಬಾಡಿಗೆಯನ್ನು ಎಪ್ಪತ್ತಕ್ಕೆ ಇಳಿಸಿ ಹೊಸ ಕರಾರಿಗೆ ರುಜು ಹಾಕಿದ ಕ್ಷಣವೇ ಕಟ್ಟಡದ ಮೌಲ್ಯ ಕಾಗದದ ಮೇಲೆ ಸಾವಿರದ ನಾನೂರಕ್ಕೆ ಕುಸಿಯುತ್ತದೆ, ಮೌಲ್ಯಕ್ಕೂ ಸಾಲಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ಮಾಯವಾಗುತ್ತದೆ, ಸಾಲ ಕೊಟ್ಟವರು ಇನ್ನಷ್ಟು ಭದ್ರತೆ ಕೊಡಿ ಎಂದು ಬಾಗಿಲು ಬಡಿಯುತ್ತಾರೆ. ಮಳಿಗೆಯನ್ನು ಖಾಲಿ ಬಿಟ್ಟರೆ? ಆ ವರ್ಷದ ಬಾಡಿಗೆ ಹೋಗುತ್ತದೆ, ನಿಜ. ಆದರೆ "ನಿರೀಕ್ಷಿತ ಬಾಡಿಗೆ ನೂರು" ಎಂಬ ಸಾಲು ಕಡತದಲ್ಲಿ ಹಾಗೆಯೇ ಇರುತ್ತದೆ, ಅದರೊಂದಿಗೆ ಎರಡು ಸಾವಿರವೂ ಉಳಿಯುತ್ತದೆ. ನೂರನ್ನು ಕಳೆದುಕೊಂಡು ಆರುನೂರನ್ನು ಉಳಿಸಿಕೊಂಡಂತೆ.

ಬಾಡಿಗೆ ಇಳಿಸಲೊಪ್ಪದ ಮಾಲೀಕರು ಕೆಲವೊಮ್ಮೆ "ಮೊದಲ ಆರು ತಿಂಗಳು ಬಾಡಿಗೆಯೇ ಬೇಡ" ಎಂದುಬಿಡುವುದನ್ನು ನೀವೂ ಕಂಡಿರಬಹುದು. ಹೊರನೋಟಕ್ಕೆ ಅದು ಔದಾರ್ಯ. ಒಳಗಿನ ಮರ್ಮವೆಂದರೆ, ಆರು ತಿಂಗಳು ಬಿಟ್ಟುಕೊಟ್ಟರೂ ಕರಾರಿನಲ್ಲಿ ಬರೆದ ಅಂಕಿ ನೂರೇ ಆಗಿರುತ್ತದೆ. ಬ್ರಿಟನ್ನಿನಲ್ಲಂತೂ ದೀರ್ಘಾವಧಿ ಕರಾರುಗಳ ಬಾಡಿಗೆಯನ್ನು ಪರಿಷ್ಕರಿಸುವಾಗ ಅದು ಏರಬಹುದು ಅಥವಾ ಇದ್ದಂತೆಯೇ ಇರಬಹುದು, ಇಳಿಯಕೂಡದು ಎಂಬ ಷರತ್ತು ದಶಕಗಳಿಂದ ವಾಡಿಕೆಯಾಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಹೊಸ ಕರಾರುಗಳಲ್ಲಿ ಅದನ್ನು ನಿಷೇಧಿಸುವ ಮಸೂದೆ ಸಂಸತ್ತಿಗೆ ಬಂದದ್ದು 2025ರಲ್ಲಿ.

ಹೊಸ ಕಟ್ಟಡದ ನೆಲಮಹಡಿ ಖಾಲಿಯಿರುವುದರ ಕಥೆ ಬೇರೆ. ಇಂಥ ಒಂದು ಮಳಿಗೆಯೊಳಕ್ಕೆ ನಾನೇ ಹೋಗಿ ನೋಡಿದ್ದೇನೆ. ಹೊರಗಿನ ಗಾಜಿಗೆ ನಗುತ್ತಿರುವ ಯುವದಂಪತಿಯ ದೊಡ್ಡ ಚಿತ್ರ, ಕೆಳಗೆ "ಶೀಘ್ರದಲ್ಲೇ" ಎಂಬ ಬರಹ. ಬಿಸಿಲಿಗೆ ಗಂಡನ ಮುಖ ಪೂರಾ ನೀಲಿಗಟ್ಟಿತ್ತು. ಒಳಗೆ ನೆಲಕ್ಕೆ ಹಾಸಿಲ್ಲ, ಮೇಲೆ ಬರಿಯ ಕಾಂಕ್ರೀಟು. ಮೂಲೆಯಲ್ಲಿ ನೀರಿನ ಕೊಳವೆಯೊಂದು ಗೋಡೆಯಿಂದ ಹೊರಬಂದು ಪ್ಲಾಸ್ಟಿಕ್ ಮುಚ್ಚಳ ಹಾಕಿಸಿಕೊಂಡು ನಿಂತಿತ್ತು. ಮುಂಭಾಗ ಕಿರಿದು, ಆಳ ವಿಪರೀತ, ನಡುವೆ ಮೇಲಿನ ಮಹಡಿಗಳನ್ನು ಹೊತ್ತ ನಾಲ್ಕು ದಪ್ಪ ಕಂಬಗಳು. ಅಡುಗೆಯ ಹೊಗೆ ಹೋಗಲು ದಾರಿಯಿಲ್ಲ, ಸರಕಿನ ವಾಹನ ನಿಲ್ಲಲು ಜಾಗವಿಲ್ಲ. ಅದನ್ನು ವಿನ್ಯಾಸಗೊಳಿಸುವಾಗ ಯಾರ ಕಣ್ಣೆದುರಿಗೂ ಒಬ್ಬ ವ್ಯಾಪಾರಿ ಇರಲಿಲ್ಲ ಎಂಬುದು ಮೊದಲ ನೋಟಕ್ಕೇ ಗೊತ್ತಾಗುತ್ತಿತ್ತು. ಬೀದಿ ಜೀವಂತವಾಗಿರಲಿ ಎಂಬ ಸದುದ್ದೇಶದಿಂದ ನೆಲಮಹಡಿಯಲ್ಲಿ ಮಳಿಗೆಗಳಿರಲೇಬೇಕೆಂದು ಎಷ್ಟೋ ನಗರಗಳ ಯೋಜನಾ ನಿಯಮಗಳು ಹೇಳುತ್ತವೆ. ಲಾಭ ಬರುವುದು ಮೇಲಿನ ಮನೆಗಳಿಂದ. ಹಾಗಾಗಿ ನಿರ್ಮಾಪಕರು ನಿಯಮ ಪಾಲಿಸುವುದಕ್ಕೆ ಬೇಕಾದಷ್ಟನ್ನು ಮಾತ್ರ ಕಟ್ಟುತ್ತಾರೆ. ಹತ್ತು ಚಿಕ್ಕ ಮಳಿಗೆಗಳಿಗಿಂತ ಒಂದು ದೊಡ್ಡದನ್ನು ಸರಣಿ ಅಂಗಡಿಯವರಿಗೆ ಕೊಡುವುದು ಸುಲಭ, ಅಂಥವರ ರುಜುವಿಗೆ ಬ್ಯಾಂಕಿನಲ್ಲಿ ಬೆಲೆಯೂ ಹೆಚ್ಚು. ಬಿಡಿ ತಿರುಪು ಮಾರುವವರು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಕಾಮಗಾರಿಯ ಕಾಲ. ನಿಮ್ಮನ್ನು ನಿಜವಾಗಿ ಸೋಲಿಸಿದ್ದು ಇದೇ ಎಂದು ನನ್ನ ಊಹೆ. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬ ಗಾದೆಯಂತೆ ಹೊಸ ನಿವಾಸಿಗಳ ಹೆಸರಿನಲ್ಲಿ ಬಾಡಿಗೆ ಮೊದಲೇ ಏರುತ್ತದೆ. ನಿವಾಸಿಗಳು ಬರುವುದು ನಾಲ್ಕೈದು ವರ್ಷಗಳ ಮೇಲೆ. ಹಳೆಯ ಗಿರಾಕಿಗಳು ಹೋದದ್ದು ಮೊದಲ ದಿನವೇ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಲೀತ್ ವಾಕ್ ಎಂಬ ರಸ್ತೆಯನ್ನು ಟ್ರಾಮ್ ಮಾರ್ಗಕ್ಕಾಗಿ 2007-08ರ ಸುಮಾರಿಗೆ ಅಗೆಯತೊಡಗಿದರು. ವೆಚ್ಚ ಕೈಮೀರಿದ್ದರಿಂದ 2011ರಲ್ಲಿ ಮಾರ್ಗವನ್ನೇ ಮೊಟಕುಗೊಳಿಸಲಾಯಿತು. 2014ರಲ್ಲಿ ಟ್ರಾಮ್ ಓಡಲಾರಂಭಿಸಿದಾಗ ಅದು ಲೀತ್‌ಗೆ ಬರಲೇ ಇಲ್ಲ. ಆಮೇಲೆ ಎರಡನೆಯ ಸಲ ರಸ್ತೆ ಅಗೆದು, ಕೊನೆಗೂ ಮಾರ್ಗ ತೆರೆದದ್ದು 2023ರ ಜೂನ್‌ನಲ್ಲಿ. ಇಂದು ಅಲ್ಲಿ ಟ್ರಾಮ್ ಇಳಿದು ಅಂಗಡಿಗೆ ನಡೆದು ಬರುವ ಗಿರಾಕಿ ನಿಜವಾದ ಲಾಭವೇ. ಆದರೆ ಆ ಲಾಭಕ್ಕಾಗಿ ಧೂಳು ಕುಡಿದವರು ಬೇರೆ, ಅದನ್ನು ಉಣ್ಣುವವರು ಬೇರೆ ಆಗಿರುವ ಸಾಧ್ಯತೆಯೇ ಹೆಚ್ಚು. ಕೆನಡಾದ ಮಾಂಟ್ರಿಯಲ್ ನಗರಾಡಳಿತ ದೊಡ್ಡ ರಸ್ತೆ ಕಾಮಗಾರಿಗಳಿಂದ ವಹಿವಾಟು ಕಳೆದುಕೊಂಡ ಅಂಗಡಿಗಳಿಗೆ ಹಣಕಾಸಿನ ನೆರವು ನೀಡುವ ವ್ಯವಸ್ಥೆ ಮಾಡಿಕೊಂಡಿದೆ. ಕಾಮಗಾರಿಯ ಅಂದಾಜಿನಲ್ಲಿ ಸಿಮೆಂಟು, ಉಕ್ಕುಗಳ ಜೊತೆಗೆ ಅಂಗಡಿಗಳ ನಷ್ಟವನ್ನೂ ಒಂದು ಬಾಬತ್ತಾಗಿ ಸೇರಿಸುವುದು ಕಷ್ಟದ ಕೆಲಸವೇನೂ ಅಲ್ಲ.

ಹತ್ತು ವರ್ಷ ದೊಡ್ಡ ಮಳಿಗೆಗಳಿಗೂ ಮಾಲ್‌ಗಳಿಗೂ ಅನುಮತಿಯನ್ನೇ ಕೊಡಬಾರದೆಂಬ ನಿಮ್ಮ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ಜಪಾನ್ ಅದಕ್ಕೆ ಹತ್ತಿರದ ದಾರಿಯನ್ನು ಹಿಡಿದು ನೋಡಿದೆ. ದೊಡ್ಡ ಮಳಿಗೆಗಳನ್ನು ನಿಯಂತ್ರಿಸುವ ಕಾಯ್ದೆ ಅಲ್ಲಿ 1974ರಲ್ಲಿ ಜಾರಿಗೆ ಬಂದು 2000ದವರೆಗೆ ಉಳಿಯಿತು. ಸ್ಥಳೀಯ ವ್ಯಾಪಾರಿಗಳ ಆಕ್ಷೇಪಣೆಯಿಂದ ಒಂದೊಂದು ಮಳಿಗೆ ವರ್ಷಗಟ್ಟಲೆ ತಡವಾದದ್ದುಂಟು. ಇಷ್ಟಾಗಿಯೂ ಸಣ್ಣ ನಗರಗಳ ಹಳೆಯ ಪೇಟೆಗಳು ಒಂದೊಂದಾಗಿ ಬಾಗಿಲೆಳೆದುಕೊಂಡು, "ಶಟರ್ ಬೀದಿ" ಎಂಬ ಹೆಸರೇ ಅಲ್ಲಿನ ಭಾಷೆಯಲ್ಲಿ ನೆಲೆನಿಂತಿತು. ಅಂಗಡಿಯವರಿಗೆ ವಯಸ್ಸಾಯಿತು, ಮಕ್ಕಳು ಬೇರೆ ಉದ್ಯೋಗ ಹಿಡಿದರು, ಮಹಡಿಯ ಮೇಲೆ ತಾವೇ ವಾಸವಾಗಿರುವುದರಿಂದ ಕೆಳಗಿನ ಮಳಿಗೆಯನ್ನು ಅಪರಿಚಿತರಿಗೆ ಕೊಡಲು ಮನಸ್ಸಾಗಲಿಲ್ಲ. ವಸತಿ ನಿವೇಶನಕ್ಕೆ ಸಿಗುವ ತೆರಿಗೆ ರಿಯಾಯಿತಿ ಖಾಲಿ ಬಿಡುವುದನ್ನು ಇನ್ನಷ್ಟು ಅಗ್ಗವಾಗಿಸಿತು. ಹೊರಗಿನಿಂದ ಬರುವ ಪೈಪೋಟಿಯನ್ನು ತಡೆದ ಕಾನೂನಿಗೆ ಒಳಗಿನಿಂದ ಮುಚ್ಚುವ ಬಾಗಿಲನ್ನು ತೆರೆಸುವ ಉಪಾಯ ಗೊತ್ತಿರಲಿಲ್ಲ.

ಮಾಲ್ ಎಂಬ ಕಲ್ಪನೆಯ ಹುಟ್ಟು ಕೂಡ ನೀವು ಬರೆದಷ್ಟು ಸರಳವಾಗಿಲ್ಲ. ವಿಯೆನ್ನಾದಲ್ಲಿ ಹುಟ್ಟಿ 1938ರಲ್ಲಿ ಅಮೆರಿಕಕ್ಕೆ ವಲಸೆ ಹೋದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್, ಮಿನೆಸೋಟದ ಈಡೈನಾ ಎಂಬಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್ ಕೇಂದ್ರವನ್ನು ವಿನ್ಯಾಸ ಮಾಡಿದಾಗ, ಮನೆ, ಶಾಲೆ, ಆಸ್ಪತ್ರೆಗಳ ನಡುವೆ ಜನ ನಡೆದಾಡುವ ಒಂದು ಪೇಟೆಬೀದಿಯನ್ನೇ ಸೂರಿನಡಿ ತರಲು ಬಯಸಿದ್ದರು. ಕಟ್ಟಿದ್ದು ಅಂಗಡಿಗಳನ್ನು ಮತ್ತು ಸುತ್ತ ಕಾರು ನಿಲ್ಲಿಸುವ ಬಯಲನ್ನು ಮಾತ್ರ. ಅವರು ವಿಯೆನ್ನಾಕ್ಕೆ ಮರಳಿದ ಮೇಲೆ, 1976ರಲ್ಲಿ, ಆ ನಗರದ ದಕ್ಷಿಣದ ಅಂಚಿನಲ್ಲೇ ಬೃಹತ್ ಮಾಲ್ ಒಂದು ತೆರೆಯಿತು. ತಾನು ಹುಟ್ಟಿಸಿದ್ದೇ ಹುಟ್ಟೂರಿನ ಬಾಗಿಲಿಗೆ ಬಂದು ನಿಂತಾಗ ಮನುಷ್ಯನಿಗೆ ಹೇಗನ್ನಿಸಿರಬೇಕು? 1978ರಲ್ಲಿ ಲಂಡನ್ನಿನಲ್ಲಿ ಮಾತನಾಡುತ್ತ, ಇಂಥವುಗಳ ತಂದೆಯೆನಿಸಿಕೊಳ್ಳಲು ತಾವು ಒಪ್ಪುವುದಿಲ್ಲವೆಂದು ಅವರು ಕಟುವಾಗಿ ಹೇಳಿದರು. ವಿಚಿತ್ರವೆಂದರೆ, ಅಂದಿನ ಸೌತ್‌ಡೇಲ್‌ನ ಕಾರು ನಿಲ್ಲಿಸುವ ಜಾಗದಲ್ಲಿ ಈಗ ವಸತಿ ಕಟ್ಟಡಗಳೆದ್ದಿವೆ. ಅವರು ಕೇಳಿದ್ದ ಮನೆಗಳು ಅರ್ಧ ಶತಮಾನ ಕಳೆದ ಮೇಲೆ ಬಂದವು.

ಹಾಗಾದರೆ ಮಾಡಬಹುದಾದದ್ದೇನು? ಖಾಲಿ ಬಿಡುವುದೇ ಲಾಭ ಎಂಬ ಆ ಲೆಕ್ಕವನ್ನು ಕೆಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು 2020ರಲ್ಲಿ ಒಪ್ಪಿದ ತೆರಿಗೆಯ ಪ್ರಕಾರ, ಗೊತ್ತುಪಡಿಸಿದ ವ್ಯಾಪಾರಿ ಪ್ರದೇಶಗಳಲ್ಲಿ ವರ್ಷಕ್ಕೆ 182 ದಿನಗಳಿಗಿಂತ ಹೆಚ್ಚು ಕಾಲ ಖಾಲಿಯಿರುವ ಮಳಿಗೆಗೆ ಅದರ ಮುಂಭಾಗದ ಉದ್ದವನ್ನು ಅಳೆದು ತೆರಿಗೆ ಹಾಕುತ್ತಾರೆ, ಖಾಲಿ ಉಳಿದಂತೆಲ್ಲ ದರ ಏರುತ್ತದೆ. ಬೀದಿಗೆ ಆಗುವ ನಷ್ಟ ಮಳಿಗೆಯ ವಿಸ್ತೀರ್ಣದಿಂದ ಆಗುವುದಲ್ಲ, ಬೀದಿಗೆ ತೋರುವ ಅದರ ಕತ್ತಲ ಮುಖದಿಂದ ಆಗುವುದು ಎಂಬ ತಿಳಿವಳಿಕೆ ಆ ಅಳತೆಯಲ್ಲಿದೆ. ಇಂಗ್ಲೆಂಡಿನಲ್ಲಿ 2024ರ ಡಿಸೆಂಬರ್‌ನಿಂದ ಸ್ಥಳೀಯ ಸಂಸ್ಥೆಗಳಿಗೆ ಹೊಸದೊಂದು ಅಧಿಕಾರ ಬಂದಿದೆ: ಎರಡು ವರ್ಷಗಳಲ್ಲಿ 365 ದಿನಗಳಿಗಿಂತ ಹೆಚ್ಚು ಖಾಲಿಯಿದ್ದ ಮಳಿಗೆಯನ್ನು ಒಂದರಿಂದ ಐದು ವರ್ಷದ ಬಾಡಿಗೆಗೆ ಅವು ಹರಾಜು ಹಾಕಬಹುದು. ಪ್ಯಾರಿಸ್ ನಗರ ಇನ್ನೂ ಮುಂದೆ ಹೋಗಿ, 2004ರಿಂದೀಚೆಗೆ ತನ್ನದೇ ಸಂಸ್ಥೆಯ ಮೂಲಕ ನೆಲಮಹಡಿಯ ಮಳಿಗೆಗಳನ್ನು ಕೊಂಡು, ಆ ಬಡಾವಣೆಗೆ ಅಗತ್ಯವಾದ ವ್ಯಾಪಾರದವರಿಗೆ ಬಾಡಿಗೆಗೆ ಕೊಡುತ್ತ ಬಂದಿದೆ. ಇದಕ್ಕೆ ಹಣವೂ ಬೇಕು, ಯಾವ ವ್ಯಾಪಾರ ಅಗತ್ಯ ಎಂದು ನಿರ್ಧರಿಸುವ ಅಧಿಕಾರಿಗಳ ಮೇಲೆ ನಂಬಿಕೆಯೂ ಬೇಕು. ಎರಡನೆಯದು ಹಣಕ್ಕಿಂತ ದುರ್ಲಭ. ನನ್ನ ಮಟ್ಟಿಗೆ, ತೆರಿಗೆಯ ದಾರಿಯೇ ಎಲ್ಲಕ್ಕಿಂತ ನೇರವಾದದ್ದು.

ಪತ್ರದ ಕೊನೆಯಲ್ಲಿ, ಎದುರಿನ ಆ ಹೊಸ ಕಟ್ಟಡದಲ್ಲೇ ಚಿಕ್ಕದೊಂದು ಮಳಿಗೆ ಹಿಡಿಯಬೇಕೆಂದು ನಿಮ್ಮ ಮಗಳು ಯೋಚಿಸುತ್ತಿದ್ದಾರೆಂದೂ, ನಿಮಗೆ ಧೈರ್ಯ ಸಾಲುತ್ತಿಲ್ಲವೆಂದೂ ಬರೆದಿದ್ದೀರಿ. ಬೇಡವೆನ್ನಬೇಡಿ. ಆದರೆ ಬಾಡಿಗೆಯ ಒಂದು ಭಾಗವನ್ನಾದರೂ ಮಾರಾಟದ ಪ್ರಮಾಣಕ್ಕೆ ಕಟ್ಟುವಂತೆ ಕೇಳಲಿ; ದೊಡ್ಡ ಮಳಿಗೆಗಳು ಇದನ್ನು ಕೇಳಿ ಪಡೆಯುತ್ತವೆ, ಚಿಕ್ಕವರು ಕೇಳುವುದೇ ಇಲ್ಲ. ಎರಡನೆಯ ವರ್ಷದ ಕೊನೆಗೆ ದಂಡವಿಲ್ಲದೆ ಬಿಟ್ಟುಹೋಗುವ ಅವಕಾಶ ಕರಾರಿನಲ್ಲಿರಲಿ. ನೆಲ, ಕೊಳವೆ, ವಿದ್ಯುತ್ತಿನ ಕೆಲಸ ಯಾರ ಖರ್ಚಿನದು ಎಂಬುದು ಬಾಯಿಮಾತಿನಲ್ಲಿ ಉಳಿಯದಿರಲಿ. ಇದೆಲ್ಲಕ್ಕಿಂತ ಮೊದಲು, ವಾರದ ಬೇರೆ ಬೇರೆ ಮೂರು ದಿನ ರಾತ್ರಿ ಎಂಟರ ಹೊತ್ತಿಗೆ ನೀವಿಬ್ಬರೂ ಹೋಗಿ ಎದುರಿನ ಪಾದಚಾರಿ ಹಾದಿಯಲ್ಲಿ ನಿಂತು, ಆ ಕಟ್ಟಡದಲ್ಲಿ ದೀಪ ಉರಿಯುತ್ತಿರುವ ಕಿಟಕಿಗಳನ್ನು ಎಣಿಸಿ ಬನ್ನಿ. ಮನೆಗಳೆಲ್ಲ ಮಾರಾಟವಾಗಿವೆ ಎಂದು ನಿರ್ಮಾಪಕರು ಹೇಳುವುದು ನಿಜವೇ ಇರಬಹುದು, ಆದರೆ ಬೀಗ, ಚಿಲಕ, ತಿರುಪು ಕೊಳ್ಳಲು ಕೆಳಗಿಳಿದು ಬರುವವರು ದೀಪ ಹಚ್ಚಿದವರು ಮಾತ್ರ.

— ಸಂಪಾದಕ