ಪಿಕ್ ಲೈನ್ (ಔಷಧಿ ಕೊಡಲು ತೋಳಿನ ರಕ್ತನಾಳದಲ್ಲಿ ಹಾಕಿರುವ ಉದ್ದ ಕೊಳವೆ) ಫ್ಲಶ್ ಮಾಡಿದ ಮೇಲೆ, ಅಂದರೆ ಸಿರಿಂಜಿನಿಂದ ಸಲೈನ್ ಹಾಯಿಸಿ ತೊಳೆದ ಮೇಲೆ, ಅಮ್ಮನಿಗೆ ಚಳಿಜ್ವರ ಬರುತ್ತಿದೆ, ಪ್ಯಾರಾಸಿಟಮಾಲ್ ಕೊಟ್ಟು ನಾಳೆವರೆಗೆ ನೋಡಬಹುದಾ?

ಬೇಡ, ಇವತ್ತೇ ಹೊರಡಿ. ಲೈನ್ ಹಾಕಿದ ಆಸ್ಪತ್ರೆಗೆ ಈಗಲೇ ಫೋನ್ ಮಾಡಿ. ಅವರು ಹೇಳುವವರೆಗೆ ಲೈನಿಗೆ ಮತ್ತೇನೂ ಹಾಕಬೇಡಿ.

ತೋಳಿನಲ್ಲಿ ಕೆಂಪಿಲ್ಲ, ಕೀವಿಲ್ಲ, ಹಾಗಾಗಿ ಲೈನ್ ಸರಿ ಇರಬೇಕು ಎಂದು ಬರೆದಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಕೀಮೋಗೆ ಪಿಕ್ ಲೈನ್ ಹಾಕಿ ಅಪ್ಪನನ್ನು ಮನೆಗೆ ಕಳಿಸಿದ್ದರು. ಒಂದು ಸಂಜೆ ಫ್ಲಶ್ ಮಾಡಿದ ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ ಅನ್ನುವಷ್ಟು ನಡುಕ. ಕಂಬಳಿ ಹೊದಿಸಿ ಮಾತ್ರೆ ಕೊಟ್ಟೆ. ಜ್ವರ ಇಳಿಯಿತು, ನಾನೂ ನಿಶ್ಚಿಂತೆಯಿಂದ ಮಲಗಿದೆ. ಮರುದಿನ ಫ್ಲಶ್ ಮಾಡಿದಾಗ ಮತ್ತೆ ಅದೇ ನಡುಕ, ಈ ಸಲ ಬಿಪಿಯೂ ಕುಸಿಯಿತು.

ಈ ಕೊಳವೆಯ ತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿರುತ್ತದೆ. ಸಿರಿಂಜ್ ಜೋಡಿಸುವ ಕಡೆಯಿಂದ ಒಳಹೊಕ್ಕ ಬ್ಯಾಕ್ಟೀರಿಯಾ ಕೊಳವೆಯ ಒಳಗೋಡೆಗೆ ಪಾಚಿಯ ಹಾಗೆ ಅಂಟಿ ಬೆಳೆಯುತ್ತದೆ. ಫ್ಲಶ್ ಮಾಡಿದಾಗ ಅದು ಸೀದಾ ರಕ್ತಕ್ಕೆ ಹೋಗುತ್ತದೆ. ಚರ್ಮದ ಮೇಲೆ ಏನೂ ಕಾಣಬೇಕೆಂದಿಲ್ಲ. ಕೀಮೋ ಆದವರಲ್ಲಂತೂ ಬಿಳಿ ರಕ್ತಕಣ ಕಡಿಮೆ. ಕೀವು ಅಂದರೆ ಹೆಚ್ಚಾಗಿ ಆ ಕಣಗಳೇ ಅಲ್ವಾ, ಎಲ್ಲಿಂದ ಬರಬೇಕು?

ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಕೊಡಬೇಡಿ. ಲೈನಿಂದ ಒಂದು, ಕೈಯ ರಕ್ತನಾಳದಿಂದ ಒಂದು ರಕ್ತ ತೆಗೆದು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತದಾ ಎಂದು ನೋಡಲು, ಇಡುತ್ತಾರೆ. ಕೈಯ ರಕ್ತಕ್ಕಿಂತ ಲೈನಿನ ರಕ್ತದಲ್ಲಿ ಕನಿಷ್ಠ 2 ಗಂಟೆ ಮುಂಚೆ ಬೆಳೆದರೆ ಮೂಲ ಲೈನೇ ಎಂಬ ಅನುಮಾನ ಗಟ್ಟಿಯಾಗುತ್ತದೆ. ಮೊದಲೇ ಆಂಟಿಬಯೋಟಿಕ್ ನುಂಗಿದ್ದರೆ ಏನೂ ಬೆಳೆಯದೇ ಹೋಗಬಹುದು. ಅಪ್ಪನ ಕಲ್ಚರ್‌ನಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಂತು. ಅದಿದ್ದರೆ ಸಾಮಾನ್ಯವಾಗಿ ಲೈನ್ ಉಳಿಸುವುದಿಲ್ಲ, ತೆಗೆದರು.

ಎಲ್ಲಿಂದ ಹೊಕ್ಕಿತು ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ನನಗೆ ಅನುಮಾನ ನನ್ನ ಕೈ ಮೇಲೇ. ಆಸ್ಪತ್ರೆಯಲ್ಲಿ ನರ್ಸ್ ಮಾಡುತ್ತಿದ್ದ ಕೆಲಸ ಮನೆಯಲ್ಲಿ ನಮ್ಮದು. ನಾನು ಹಬ್ ಅನ್ನು, ಅಂದರೆ ಸಿರಿಂಜ್ ಜೋಡಿಸುವ ತುದಿಯನ್ನು, ಸ್ಪಿರಿಟ್ ಸ್ವ್ಯಾಬಿನಿಂದ ಸುಮ್ನೆ ಒಮ್ಮೆ ಒರೆಸಿ, ಬೇಗ ಒಣಗಲಿ ಎಂದು ಊದುತ್ತಿದ್ದೆ! 15 ಸೆಕೆಂಡ್ ಗಟ್ಟಿಯಾಗಿ ಉಜ್ಜಬೇಕಿತ್ತು, ತಾನಾಗಿ ಒಣಗಲು ಬಿಡಬೇಕಿತ್ತು. ಪಾರದರ್ಶಕ ಡ್ರೆಸ್ಸಿಂಗನ್ನು 7 ದಿನಕ್ಕೊಮ್ಮೆ ಬದಲಿಸುತ್ತಾರೆ, ಒದ್ದೆಯಾದರೆ ಅಥವಾ ಅಂಚು ಎದ್ದರೆ ಆಗಲೇ. ಅದನ್ನು ಮಾತ್ರ ಸರಿಯಾಗಿ ಪಾಲಿಸಿದ್ದೆ.

ಎಮರ್ಜೆನ್ಸಿಗೆ ಹೋದ ಕೂಡಲೇ ಬರೀ "ಜ್ವರ" ಎನ್ನಬೇಡಿ, ವೈರಲ್ ಇರಬೇಕು ಎಂದು ಸಾಲಿನಲ್ಲಿ ಕೂರಿಸಿಬಿಡಬಹುದು. ಪಿಕ್ ಲೈನ್ ಕೂಡ ಒಂದು ಬಗೆಯ ಸೆಂಟ್ರಲ್ ಲೈನೇ, ಹಾಗಾಗಿ "ಸೆಂಟ್ರಲ್ ಲೈನ್ ಇದೆ, ಫ್ಲಶ್ ಆದ ಮೇಲೆ ನಡುಕ ಬಂತು, ಇಷ್ಟು ಗಂಟೆಗೆ ಪ್ಯಾರಾಸಿಟಮಾಲ್ ಕೊಟ್ಟಿದ್ದೇವೆ" ಎನ್ನಿ. ಮಾತ್ರೆಯಿಂದ ಜ್ವರ 100.4 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದಿದ್ದರೂ ಅಷ್ಟನ್ನೂ ಹೇಳಿ.