ಶಾಕ್‌ನಲ್ಲಿರುವ ಮಗುವಿಗೆ ಸಲೈನ್ ಬೇಗ ಏರಿಸಬಾರದೇಕೆ?

ಜ್ವರದಿಂದ ನಿತ್ರಾಣವಾಗಿ ಶಾಕ್‌ಗೆ, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿಗೆ, ಜಾರಿದ ಮಗುವಿಗೆ ಸಲೈನ್ ಎಷ್ಟು ಬೇಗ ಏರಿಸಿದರೆ ಅಷ್ಟು ಒಳ್ಳೆಯದೆಂಬ ನಂಬಿಕೆ ವೈದ್ಯರಲ್ಲೂ ಇತ್ತು. ಆದರೆ ಉಗಾಂಡಾ, ಕೀನ್ಯಾ, ಟಾಂಜಾನಿಯಾಗಳ 3,141 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಫೀಸ್ಟ್ ಎಂಬ ಅಧ್ಯಯನದಲ್ಲಿ, ಹಾಗೆ ರಭಸದಿಂದ ದ್ರವ ಪಡೆದವರಲ್ಲಿ ಸುಮಾರು ಶೇ. 10.5ರಷ್ಟು ಮಕ್ಕಳು 48 ಗಂಟೆಗಳೊಳಗೆ ತೀರಿಕೊಂಡರೆ, ಪಡೆಯದವರಲ್ಲಿ ಆ ಪ್ರಮಾಣ ಶೇ. 7.3 ಇತ್ತು. ಹೀಗಾಗಿ ಈಗ ಉಸಿರಾಟ ನೋಡಿದ ಬಳಿಕ ಮಗುವಿನ ಕೈ ಮುಟ್ಟುತ್ತಾರೆ: ಕೈಕಾಲು ತಣ್ಣಗಿದ್ದು, ಒತ್ತಿಬಿಟ್ಟ ಉಗುರಿಗೆ ಮತ್ತೆ ಕೆಂಪೇರಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದು, ನಾಡಿ ಕ್ಷೀಣವಾಗಿಯೂ ವೇಗವಾಗಿಯೂ ಬಡಿಯುತ್ತಿದ್ದರೆ, ಈ ಮೂರೂ ಒಟ್ಟಿಗಿದ್ದರೆ ಮಾತ್ರ, ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಅದನ್ನು ಶಾಕ್ ಎಂದು ಪರಿಗಣಿಸುತ್ತದೆ. ಆಗಲೂ ತೂಕದ ಪ್ರತಿ ಕೆ.ಜಿ.ಗೆ 10ರಿಂದ 20 ಮಿ.ಲೀ. ದ್ರವವನ್ನು 30ರಿಂದ 60 ನಿಮಿಷಗಳಲ್ಲಿ ಕೊಡಬೇಕು. ವಾಂತಿಭೇದಿಯಿಂದ ಮೈಯ ನೀರೆಲ್ಲ ಬತ್ತಿದ ಮಗುವಿನ ಲೆಕ್ಕವೇ ಬೇರೆ. ಅಂಥವರನ್ನು ಆ ಅಧ್ಯಯನದಿಂದ ಹೊರಗಿಡಲಾಗಿತ್ತು.